ಪ್ರಿಂಟರ್ ಯಾರ ಖಾತೆಯಲ್ಲಿದೆ?

ನಮ್ಮ ಮನೆಯೊಳಗಿನ ಮೆಟ್ಟಿಲು 17. ಕಟ್ಟಿಸುವಾಗ ಮೇಸ್ತ್ರಿ 16ಕ್ಕೇ ಮುಗಿಸಿದ್ದನಂತೆ. ಬೆಸ ಸಂಖ್ಯೆಯೇ ಬರಬೇಕು ಅಂತ ಅತ್ತೆ ಪಟ್ಟು ಹಿಡಿದು ಇನ್ನೊಂದು ಹಾಕಿಸಿದರು. ನನಗೆ ಈ ಲೆಕ್ಕ ಬಾಯಿಗೆ ಬಂದಿರುವುದು ವಾಸ್ತುವಿನಿಂದ ಅಲ್ಲ, ಪ್ರಿಂಟರಿನಿಂದ. ಪೆನ್‌ಡ್ರೈವ್ ಹಿಡಿದುಕೊಂಡು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೆ ಯಾರಿಗಾದರೂ ಬಾಯಿಗೆ ಬರುತ್ತದೆ.

ನಾವಿರುವುದು ತುಮಕೂರಿನಲ್ಲಿ, ಎಸ್‌ಐಟಿ ಕಾಲೇಜಿನ ಹಿಂದಿನ ಕಡೆ. ಕೆಳಗೆ ಮಾವ, ಅತ್ತೆ. ಮೇಲೆ ನಾವು. ಸಂಜೆ 5ರಿಂದ 7ರವರೆಗೆ ಮೇಲಿನ ಹಾಲಿನಲ್ಲಿ ನನ್ನ ಟ್ಯೂಷನ್. ಎಸ್‌ಎಸ್‌ಎಲ್‌ಸಿ ಗಣಿತ, 18 ಮಕ್ಕಳು. ವಾರಕ್ಕೊಂದು ಟೆಸ್ಟ್ ಕೊಡುತ್ತೇನೆ, ಜನವರಿ ಬಂತೆಂದರೆ ವಾರಕ್ಕೆ ಎರಡು. ಪ್ರಶ್ನೆಪತ್ರಿಕೆ ಹಲಗೆ ಮೇಲೆ ಬರೆದು ಕಾಪಿ ಮಾಡಿಸಬಹುದು, ಆದರೆ ತ್ರಿಭುಜದ ಚಿತ್ರಗಳನ್ನು 18 ಜನ 18 ಥರ ಬರೆದುಕೊಂಡು, ಆಮೇಲೆ 'ಮಿಸ್, ನಂದು ಲಂಬಕೋನ ಬರ್ತಾನೇ ಇಲ್ಲ' ಅಂತಾರೆ. ಅದಕ್ಕೆ ಪ್ರಿಂಟೇ ಸರಿ.

ಮಾವ ನಿವೃತ್ತ ಗ್ರಾಮ ಲೆಕ್ಕಿಗರು. ನಿವೃತ್ತಿ ಅನ್ನುವುದು ಪೆನ್ಷನ್ ಪುಸ್ತಕದಲ್ಲಿ ಮಾತ್ರ. ಗುಬ್ಬಿ ತಾಲ್ಲೂಕಿನ ನಮ್ಮೂರ ಕಡೆಯವರು ಈಗಲೂ ಬರುತ್ತಲೇ ಇರುತ್ತಾರೆ. ಪಹಣಿ ತೆಗೆದುಕೊಡಿ, ವಂಶವೃಕ್ಷಕ್ಕೆ ಅರ್ಜಿ ಬರೆದುಕೊಡಿ, ಪೋಡಿಗೆ ಏನು ಮಾಡಬೇಕು ಹೇಳಿ. ಒಂದು ರೂಪಾಯಿ ಮುಟ್ಟುವುದಿಲ್ಲ. ಬಂದವರು ಹಲಸಿನ ಹಣ್ಣನ್ನೋ ನಾಲ್ಕು ತೆಂಗಿನಕಾಯಿಯನ್ನೋ ಬಾಗಿಲ ಬಳಿ ಇಟ್ಟು ಹೋಗುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ಪ್ರಿಂಟರಿಗೆ ನನಗಿಂತ ಮಾವನ ಕೈಯಲ್ಲಿ ಕೆಲಸ ಜಾಸ್ತಿ.

ಪ್ರಿಂಟರ್ ಬಂದಿದ್ದು ಒಂದು ಸೈಬರ್ ಸೆಂಟರ್ ಮುಚ್ಚಿದಾಗ. 12ಎ ಟೋನರ್ ಹಾಕುವ ಹಳೆ ಲೇಸರ್. ಅಷ್ಟು ಹೇಳಿದರೆ ಯಾವುದು ಅಂತ ಗೊತ್ತಿರುವವರಿಗೆ ಗೊತ್ತಾಗುತ್ತದೆ. 3,500 ರೂಪಾಯಿ ಕೊಟ್ಟೆವು. ಗಟ್ಟಿ ಜೀವ. ಹೊಸ ಟೋನರಿನಲ್ಲಿ ಸುಮಾರು 2,000 ಪುಟ ಬರುತ್ತದೆ, ಮುಗಿದರೆ ಪುಡಿ ತುಂಬಿಸಿಕೊಂಡು ಬರಬಹುದು. ಒಂದೇ ಕೊರತೆ: ವೈಫೈ ಇಲ್ಲ, ನೆಟ್‌ವರ್ಕ್ ಕೇಬಲಿನ ತೂತೂ ಇಲ್ಲ. ಇರುವುದು ಒಂದು ಯುಎಸ್‌ಬಿ ತೂತು. ಅಂದರೆ ಒಂದೇ ಕಂಪ್ಯೂಟರಿಗೆ ಕಟ್ಟಿಹಾಕಿದ ಹಸು. ಕಟ್ಟಿದ್ದು ಮಾವನ ಡೆಸ್ಕ್‌ಟಾಪಿಗೆ. ವಿಂಡೋಸ್ 7.

ಪೆನ್‌ಡ್ರೈವ್ ಕಾಲ ಒಂದು ವರ್ಷ ನಡೆಯಿತು. ಆಮೇಲೆ ವಾಟ್ಸಾಪ್ ಕಾಲ: ಮೇಲಿನಿಂದ ಮಾವನ ಫೋನಿಗೆ ಪಿಡಿಎಫ್ ಕಳಿಸಿ, 'ಮಾವ, 18 ಕಾಪಿ ಹಾಕ್ತೀರಾ' ಅಂತ ಮೆಟ್ಟಿಲ ತುದಿಯಿಂದ ಕೂಗುವುದು. ಅವರು ಒಮ್ಮೊಮ್ಮೆ 18ನೇ ಪುಟ ಒಂದು ಕಾಪಿ ಹಾಕುತ್ತಿದ್ದರು. ಇಲ್ಲದ ಪುಟ. ಆಗ ಪ್ರಿಂಟರ್ ಏನೂ ಮಾಡುವುದಿಲ್ಲ, ನಾವಿಬ್ಬರೂ ಅದರ ಮುಖ ನೋಡುತ್ತಾ ನಿಲ್ಲುವುದು.

ಒಂದು ಭಾನುವಾರ ಕೂತು, ಮೇಲಿನ ಲ್ಯಾಪ್‌ಟಾಪಿನಿಂದಲೇ ಪ್ರಿಂಟ್ ಕೊಡುವ ಹಾಗೆ ಶೇರಿಂಗ್ ಮಾಡೇಬಿಡೋಣ ಅಂದುಕೊಂಡೆ. ಯೂಟ್ಯೂಬಿನಲ್ಲಿ ಸಿಕ್ಕ ವಿಡಿಯೊಗಳೆಲ್ಲ ಹೋಮ್‌ಗ್ರೂಪ್ ಅಂತ ಏನೋ ತೋರಿಸುತ್ತಿದ್ದವು. ಮಾವನ ಕಂಪ್ಯೂಟರಿನಲ್ಲಿ ಅದು ಇತ್ತು. ನನ್ನ ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ಹುಡುಕಿ ಹುಡುಕಿ ಸಾಕಾಯಿತು. 2018ರಲ್ಲೇ ಅದನ್ನು ವಿಂಡೋಸ್ 10ರಿಂದ ತೆಗೆದುಹಾಕಿದ್ದಾರೆ ಅಂತ ಆಮೇಲೆ ತಿಳಿಯಿತು. ಹಳೆ ವಿಡಿಯೊ ನೋಡಿ ಕೈ ಹಾಕುವವರು ಮೊದಲು ಅದು ಯಾವ ವರ್ಷದ್ದು ಅಂತ ನೋಡಿಕೊಳ್ಳಿ. ನನ್ನ ಒಂದು ಮಧ್ಯಾಹ್ನ ಹಾಗೇ ಹೋಯಿತು.

ನಿಜವಾಗಿ ಬೇಕಾದದ್ದು ಮೂರೇ ಕೆಲಸ. ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಶೇರಿಂಗ್ ಅನ್ನುವಲ್ಲಿ ಟಿಕ್ ಹಾಕಿ, ಒಂದು ಚಿಕ್ಕ ಹೆಸರು ಕೊಡಬೇಕು. ಹೆಸರಿನ ನಡುವೆ ಜಾಗ ಬಿಡದಿದ್ದರೆ ಟೈಪ್ ಮಾಡುವಾಗ ತಪ್ಪುವುದಿಲ್ಲ. ಎರಡೂ ಕಂಪ್ಯೂಟರಿನಲ್ಲಿ ವೈಫೈಯನ್ನು 'ಪಬ್ಲಿಕ್' ಅಂತ ಗುರುತು ಹಾಕಿಕೊಂಡಿದ್ದರೆ ಅದನ್ನು ಮನೆಯದು ಅಂತ ಬದಲಾಯಿಸಬೇಕು. ವಿಂಡೋಸ್ 7ರಲ್ಲಿ 'ಹೋಮ್', ಹೊಸತರಲ್ಲಿ 'ಪ್ರೈವೇಟ್'. ಪಬ್ಲಿಕ್ ಅಂತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಪರ್ಸ್ ಅವುಚಿಕೊಂಡು ಕೂತವರ ಹಾಗೆ ಕಂಪ್ಯೂಟರ್ ಯಾರ ಜೊತೆಗೂ ಮಾತಾಡುವುದಿಲ್ಲ. ಮೂರನೆಯದು ಪಾಸ್‌ವರ್ಡ್. ಇಲ್ಲಿ ನಾನು ಎಡವಿದೆ.

ನನ್ನ ಲ್ಯಾಪ್‌ಟಾಪ್ ಪ್ರಿಂಟರ್ ಹತ್ತಿರ ಹೋದಾಗಲೆಲ್ಲ ಯೂಸರ್ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಕೇಳುವುದು ನನ್ನದಲ್ಲ, ಮಾವನ ಕಂಪ್ಯೂಟರಿನದು. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಖಾಲಿ ಬಿಟ್ಟು ಎಂಟರ್ ಒತ್ತಿದರೆ ಒಪ್ಪುವುದಿಲ್ಲ, ಯಾಕೆಂದರೆ ಪಾಸ್‌ವರ್ಡ್ ಇಲ್ಲದ ಖಾತೆಗೆ ನೆಟ್‌ವರ್ಕ್ ಮೂಲಕ ಬರಲು ವಿಂಡೋಸ್ ಬಿಡುವುದಿಲ್ಲ. ಸರಿ ಅಂತ ಮಾವನ ಖಾತೆಗೆ ಒಂದು ಪಾಸ್‌ವರ್ಡ್ ಹಾಕಿ ಮೇಲೆ ಬಂದೆ. ಹೇಳಲು ಮರೆತೆ. ಮಾರನೇ ದಿನ ಬೆಳಿಗ್ಗೆ 6ಕ್ಕೆ ಕೆಳಗಿನಿಂದ ಧ್ವನಿ:

'ಏನಮ್ಮಾ, ನನ್ ಕಂಪ್ಯೂಟರ್‌ಗೆ ಬೀಗ ಹಾಕಿದ್ಯಾ?'

ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. ಓಡಿಹೋಗಿ ತೆಗೆದೆ. ಆಮೇಲೆ ಸರಿಯಾದ ಉಪಾಯ ಸಿಕ್ಕಿತು: ಆ ಕಂಪ್ಯೂಟರಿನಲ್ಲೇ 'ಪ್ರಿಂಟ್' ಅಂತ ಇನ್ನೊಂದು ಖಾತೆ ಮಾಡಿ, ಅದಕ್ಕೆ ಮಾತ್ರ ಪಾಸ್‌ವರ್ಡ್ ಇಟ್ಟೆ. ಮೇಲಿನ ಲ್ಯಾಪ್‌ಟಾಪಿಗೆ ಅದನ್ನು ಒಂದು ಸಲ ಹೇಳಿಕೊಟ್ಟರೆ ನೆನಪಿಟ್ಟುಕೊಳ್ಳುತ್ತದೆ. ಮಾವನಿಗೆ ಬೀಗ ಇಲ್ಲ, ನನಗೆ ಕೀಲಿ ಇದೆ.

ಇಷ್ಟಾದರೂ ಪ್ರಿಂಟ್ ಬರುವುದು ಅದಕ್ಕೆ ಮನಸ್ಸಾದಾಗ. ಸೋಮವಾರ ಬರುತ್ತದೆ, ಮಂಗಳವಾರ ಪ್ರಿಂಟರ್ ಕಾಣುವುದೇ ಇಲ್ಲ. ಒಂದು ದಿನ ತಾಳ್ಮೆಗೆಟ್ಟು, ಲ್ಯಾಪ್‌ಟಾಪನ್ನೇ ಕೆಳಗೆ ಒಯ್ಯೋಣ ಅಂತ ಎತ್ತಿಕೊಂಡು ಹೊರಟೆ. ಅರ್ಧ ಮೆಟ್ಟಿಲು ಇಳಿದಾಗ ಫೋನ್ ಬಂತು. ಅಲ್ಲೇ ಗೋಡೆಗೆ ಒರಗಿ ಕೂತು ಮಾತಾಡಿದೆ. ಮಾತು ಮುಗಿಸಿ ನೋಡಿದರೆ ಕೆಳಗೆ ಪ್ರಿಂಟರ್ ಗರ್ರ್ ಅನ್ನುತ್ತಿದೆ! ಅರ್ಧ ಗಂಟೆಯಿಂದ ಸಿಕ್ಕಿಕೊಂಡಿದ್ದ ಸಮಾಂತರ ಶ್ರೇಢಿಯ ಪ್ರಶ್ನೆಪತ್ರಿಕೆ ಒಂದೊಂದಾಗಿ ಬೀಳುತ್ತಿದೆ. ಎದ್ದು ಎಣಿಸಿದೆ. ಮೇಲಿನಿಂದ ಒಂಬತ್ತನೇ ಮೆಟ್ಟಿಲು. ಅಲ್ಲಿಂದ ಒಂದು ತಿಂಗಳು ನಾನು ಪ್ರಿಂಟ್ ಕೊಡುತ್ತಿದ್ದದ್ದು ಅದೇ ಮೆಟ್ಟಿಲ ಮೇಲೆ ಕೂತು. ಮನೆಗೆ ಬಂದವರು 'ಯಾಕ್ರೀ ಇಲ್ಲಿ ಕೂತಿದ್ದೀರಾ' ಅಂದರೆ 'ಇಲ್ಲಿ ಗಾಳಿ ಚೆನ್ನಾಗಿದೆ' ಅನ್ನುತ್ತಿದ್ದೆ.

ಗುಟ್ಟು ಒಡೆದಿದ್ದು ನನ್ನ ಅಣ್ಣನ ಮಗ. ಎಸ್‌ಐಟಿಯಲ್ಲಿ ಓದುತ್ತಾನೆ, ಹಾಸ್ಟೆಲ್ ಊಟ ಸೇರದೆ ಭಾನುವಾರ ನಮ್ಮ ಮನೆಗೆ ಬರುತ್ತಾನೆ. ನನ್ನನ್ನು ಅತ್ತೆ ಅನ್ನುತ್ತಾನೆ. ಕೆಳಗಿರುವವರು ನನ್ನ ಅತ್ತೆ. ಈ ಕಥೆಯಲ್ಲಿ ಅತ್ತೆಯರು ಇಬ್ಬರು, ಗೊಂದಲ ಮಾಡಿಕೊಳ್ಳಬೇಡಿ. ಅವನು ಬಂದವನೇ ಎರಡೂ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಐಪಿಕಾನ್ಫಿಗ್ ಅಂತ ಹೊಡೆದ, ಜಾಲದಲ್ಲಿ ಆ ಕಂಪ್ಯೂಟರಿನ ನಂಬರ್ ಏನು ಅಂತ ನೋಡಲು. ಕೆಳಗೆ 192.168.1.5 ಅಂತ ಬಂತು. ಮೇಲೆ 192.168.0.5.

'ನೋಡಿ ಅತ್ತೆ, ಮನೇಲಿ ಎರಡು ರೂಟರ್ ಇದಾವೆ.'

ಹೌದಲ್ಲ! ಇಂಟರ್‌ನೆಟ್ ಕಂಪನಿಯವರು ಕೊಟ್ಟ ಫೈಬರ್ ಡಬ್ಬಿ ಕೆಳಗಿನ ಹಾಲಿನಲ್ಲಿದೆ. ಮೋಲ್ಡ್ ದಾಟಿ ಅದರ ಸಿಗ್ನಲ್ ಮೇಲೆ ಬರುವುದಿಲ್ಲ ಅಂತ ನಮ್ಮನೆಯವರು ಬೆಂಗಳೂರಿನಿಂದ ಇನ್ನೊಂದು ರೂಟರ್ ತಂದು, ಕೆಳಗಿನಿಂದ ಕೇಬಲ್ ಎಳೆದು ಮೇಲೆ ಹಾಕಿದ್ದರು. ಇಂಟರ್‌ನೆಟ್ ಚೆನ್ನಾಗಿ ಬರುತ್ತಿತ್ತು, ನಾವೂ ಸುಮ್ಮನಿದ್ದೆವು. ಆದರೆ ಆ ಎರಡನೇ ರೂಟರ್ ಮೇಲೆ ತನ್ನದೇ ಬೇರೆ ಜಾಲ ಕಟ್ಟಿಕೊಂಡಿತ್ತು. ಒಂಬತ್ತನೇ ಮೆಟ್ಟಿಲಲ್ಲಿ ನನ್ನ ಲ್ಯಾಪ್‌ಟಾಪ್ ಮೇಲಿನ ವೈಫೈ ಬಿಟ್ಟು ಕೆಳಗಿನದನ್ನು ಹಿಡಿಯುತ್ತಿತ್ತು, ಅಷ್ಟೇ.

ಹುಡುಗ ಸಬ್‌ನೆಟ್, ಬ್ರಾಡ್‌ಕಾಸ್ಟ್ ಅಂತೆಲ್ಲ ಹೇಳತೊಡಗಿದ. ಮೇಲಿನ ಕಂಪ್ಯೂಟರ್ ಹೆಸರು ಹಿಡಿದು ಕೂಗಿದರೆ ಆ ಕೂಗು ಎರಡನೇ ರೂಟರಿನ ಆಚೆ ಹೋಗುವುದಿಲ್ಲ ಅಂತ. ನನಗೆ ಅರ್ಧ ಗೊತ್ತಾಯಿತು. ಪಕ್ಕದಲ್ಲಿ ಕನ್ನಡಕ ಹಣೆಗೆ ಏರಿಸಿ ಕೂತಿದ್ದ ಮಾವ ಆ ಎರಡು ನಂಬರುಗಳನ್ನೇ ನೋಡುತ್ತಿದ್ದರು.

'ಕೊನೇ 5 ಅನ್ನೋದು ಸರ್ವೆ ನಂಬರ್ ಇದ್ದ ಹಾಗೆ ತಾನೇ?' ಅಂದರು.

'ಹ್ಞೂಂ ತಾತ, ಹಾಗೇ ಅನ್ಕೊಳಿ.'

'ಅದರ ಹಿಂದಿರೋದು ಗ್ರಾಮ. ಇಲ್ಲಿ ಗ್ರಾಮ 1, ಮೇಲೆ ಗ್ರಾಮ 0. ಎರಡೂ ಕಡೆ ಸರ್ವೆ ನಂಬರ್ 5 ಇದೆ. ಗ್ರಾಮಾನೇ ಬೇರೆ ಆದ್ಮೇಲೆ ಆ ಊರಿನ ತಳವಾರ ಸಾರಿದ್ದು ಈ ಊರಿಗೆ ಎಲ್ಲಿ ಕೇಳ್ಸುತ್ತಯ್ಯಾ?'

ಇಂಜಿನಿಯರಿಂಗ್ ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. 35 ವರ್ಷ ಪಹಣಿ ಬರೆದವರಿಗೆ ಐಪಿ ಅಡ್ರೆಸ್ ಯಾವ ಲೆಕ್ಕ.

ಎರಡು ಗ್ರಾಮ ಒಂದು ಮಾಡುವ ಕೆಲಸ ನಾನೇ ಮಾಡಿದೆ, ಅವನು ಹಾಸ್ಟೆಲಿಗೆ ಹೋದ ಮೇಲೆ, ಅವನು ಬರೆದುಕೊಟ್ಟ ಚೀಟಿ ನೋಡಿಕೊಂಡು. ಚೀಟಿಯಲ್ಲಿ ಇದ್ದದ್ದು ಹೀಗೆ: ಮೇಲಿನ ರೂಟರಿನ ಪುಟ ತೆರೆದು ಮೊದಲು ಡಿಎಚ್‌ಸಿಪಿ ಆಫ್ ಮಾಡಿ, ಅಂದರೆ ಅದು ಯಾರಿಗೂ ನಂಬರ್ ಹಂಚಬಾರದು. ಅದರ ಸ್ವಂತ ನಂಬರನ್ನು 192.168.1.2 ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ತೂತಿನಿಂದ (ಹೊರಗಿನ ಇಂಟರ್‌ನೆಟ್ ಬರುವ ತೂತು) ಕಿತ್ತು ಲ್ಯಾನ್ ತೂತಿಗೆ (ಮನೆಯ ಕಂಪ್ಯೂಟರುಗಳನ್ನು ಸೇರಿಸುವ ತೂತು) ಹಾಕಿ. ನಾನು ಮಾಡಿದ್ದು ಹಿಂದುಮುಂದು. ಮೊದಲು ಕೇಬಲ್ ಬದಲಾಯಿಸಿದೆ. ಒಂದೇ ಜಾಲದಲ್ಲಿ ಇಬ್ಬರು ನಂಬರ್ ಹಂಚಲು ಕೂತ ಹಾಗಾಯಿತು. ಕೆಲವರಿಗೆ ಇವರ ನಂಬರ್, ಕೆಲವರಿಗೆ ಅವರ ನಂಬರ್. ಮೇಲಿನ ರೂಟರಿನಿಂದ ನಂಬರ್ ತೆಗೆದುಕೊಂಡವರಿಗೆ ಇಂಟರ್‌ನೆಟ್ ಇಲ್ಲ. ಹಾಗೆ ತೆಗೆದುಕೊಂಡವರಲ್ಲಿ ಕೆಳಗಿನ ಟಿವಿಯೂ ಒಂದು. ಅತ್ತೆಯ ಧಾರಾವಾಹಿ ನಡೆಯುತ್ತಿತ್ತು. ಆ ರಾತ್ರಿ ಊಟಕ್ಕೆ ಸಾರಿನಲ್ಲಿ ಉಪ್ಪು ಸ್ವಲ್ಪ ಜಾಸ್ತಿ ಬಿದ್ದಿತ್ತು, ಬೇಕಂತಲೇ ಇರಲಾರದು ಅಂದುಕೊಂಡಿದ್ದೇನೆ.

ಹೊಸ ರೂಟರ್ ಇದ್ದವರಿಗೆ ಇಷ್ಟು ತಾಪತ್ರಯ ಬೇಡ. ಸೆಟ್ಟಿಂಗಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಅಂತ ಇದ್ದರೆ ಅದನ್ನು ಆರಿಸಿದರೆ ಎಲ್ಲವೂ ತಾನೇ ಆಗುತ್ತದೆ. ಇನ್ನೊಂದು ಮಾತು, 'ಗೆಸ್ಟ್' ವೈಫೈಗೆ ಸೇರಿಕೊಂಡು ಪ್ರಿಂಟರ್ ಕಾಣುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದು ಇರುವುದೇ ನೆಂಟರನ್ನು ಜಗಲಿಯಲ್ಲಿ ಕೂರಿಸಲಿಕ್ಕೆ.

ಕೆಲವು ತಿಂಗಳು ಸುಖವಾಗಿದ್ದೆವು. ಪೂರ್ತಿ ಸುಖ ಅನ್ನಲಾರೆ, ಯಾಕೆಂದರೆ ಮಾವ ರಾತ್ರಿ 9ಕ್ಕೆ ಕಂಪ್ಯೂಟರ್ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಪ್ಲಗ್ಗನ್ನೂ ಕಿತ್ತು ಇಡುತ್ತಾರೆ. ಮಳೆ ಗುಡುಗು ಬಂದರೆ 6ಕ್ಕೇ. ನಾನು ಪ್ರಶ್ನೆಪತ್ರಿಕೆ ಮಾಡಿ ಮುಗಿಸುವುದು ರಾತ್ರಿ 10ರ ಮೇಲೆ. ಸಂಪಿನ ಮೋಟರ್ ಸ್ವಿಚ್ ಓನರ್ ಮನೆಯೊಳಗೆ ಇದ್ದರೆ ಬಾಡಿಗೆಯವರ ಪಾಡು ಗೊತ್ತಲ್ಲ, ಹಾಗೆ. ನೀರು ಇಬ್ಬರದ್ದೂ, ಸ್ವಿಚ್ ಒಬ್ಬರದ್ದು.

ಅಷ್ಟರಲ್ಲಿ ಟ್ಯೂಷನ್ ಹುಡುಗನೊಬ್ಬನ ಬ್ಯಾಗ್ ತಾಗಿ ನನ್ನ ಲ್ಯಾಪ್‌ಟಾಪ್ ಮೇಜಿನಿಂದ ಬಿತ್ತು. ಪರದೆ ಒಡೆದು ಹೋಯಿತು. ಹೊಸದು ಕೊಂಡೆವು, ವಿಂಡೋಸ್ 11. ಮಾವನ ಪ್ರಿಂಟರ್ ಸೇರಿಸಲು ಹೋದರೆ 0x00000709 ಅಂತ ಎರರ್. ಹೆಸರು ಸರಿ, ಪಾಸ್‌ವರ್ಡ್ ಸರಿ, ಗ್ರಾಮ ಒಂದೇ. ಆದರೂ ಇಲ್ಲ.

ತಪ್ಪು ನಮ್ಮದೇ. 2021ರ ಜೂನ್-ಜುಲೈನಲ್ಲಿ ವಿಂಡೋಸಿನ ಪ್ರಿಂಟ್ ಸ್ಪೂಲರಿನಲ್ಲಿ ಒಂದು ದೊಡ್ಡ ತೂತು ಬಯಲಾಯಿತು. ಪ್ರಿಂಟ್‌ನೈಟ್‌ಮೇರ್ ಅಂತ ಹೆಸರಾಯಿತು. ಸ್ಪೂಲರ್ ಅಂದರೆ ನಾವು ಕೊಟ್ಟ ಪ್ರಿಂಟುಗಳನ್ನು ಸರದಿಯಲ್ಲಿ ನಿಲ್ಲಿಸಿ ಪ್ರಿಂಟರಿಗೆ ಕಳಿಸುವ ಕೆಲಸದಾಳು. ಅದಕ್ಕೆ ಕಂಪ್ಯೂಟರಿನಲ್ಲಿ ಪೂರ್ತಿ ಅಧಿಕಾರ ಇರುತ್ತದೆ, ಆದ್ದರಿಂದ ಅದರ ಮೂಲಕ ನುಗ್ಗಿದವರಿಗೂ ಪೂರ್ತಿ ಅಧಿಕಾರ. ಆಮೇಲೆ ಒಂದೊಂದೇ ಅಪ್‌ಡೇಟಿನಲ್ಲಿ ಬಾಗಿಲು ಬಿಗಿ ಮಾಡುತ್ತಾ ಬಂದರು. ಅದೇ ವರ್ಷ ಸೆಪ್ಟೆಂಬರಿನ ಅಪ್‌ಡೇಟ್ ಆದಮೇಲೆ ಎಷ್ಟೋ ಆಫೀಸುಗಳಲ್ಲಿ 0x0000011b ಅಂತ ಎರರ್ ಬಂದು ಶೇರ್ ಮಾಡಿದ ಪ್ರಿಂಟರುಗಳು ನಿಂತವು. ವಿಂಡೋಸ್ 11ರ 22ಎಚ್2 ಆವೃತ್ತಿಯಲ್ಲಿ ಪ್ರಿಂಟರ್ ಮಾತುಕತೆಯ ದಾರಿಯನ್ನೇ ಬದಲಾಯಿಸಿದರು. ಮಾವನ ವಿಂಡೋಸ್ 7ಕ್ಕೆ ಅಪ್‌ಡೇಟ್ ಬರುವುದು ನಿಂತದ್ದು 2020ರ ಜನವರಿ 14ಕ್ಕೆ. ಆ ತೂತು ಮುಚ್ಚಲು ಮಾತ್ರ ಒಂದು ಅಪ್‌ಡೇಟ್ ಬಿಟ್ಟಿದ್ದರಂತೆ, ನಾವು ಹಾಕಿಕೊಂಡಿರಲಿಲ್ಲ. ಒಬ್ಬರು ಹೊಸ ದಾರಿ ಹಿಡಿದು ಹೊರಟಿದ್ದಾರೆ, ಇನ್ನೊಬ್ಬರು ಹಳೇ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾ ಕೂತಿದ್ದಾರೆ.

ಇಂಟರ್‌ನೆಟ್ಟಿನಲ್ಲಿ ಇದಕ್ಕೆ ಸಿಗುವ ಮದ್ದು ಬಹಳ ಕಡೆ ಒಂದೇ: ವಿಂಡೋಸಿನ ಒಳಗಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಅಂಕಿಯನ್ನು ಸೊನ್ನೆ ಮಾಡಿ. ಅಂದರೆ ಬಿಗಿ ಮಾಡಿದ ಬಾಗಿಲನ್ನು ಮತ್ತೆ ಸಡಿಲ ಮಾಡಿ ಅಂತ. ನನಗೆ ಮನಸ್ಸು ಬರಲಿಲ್ಲ. ಇದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರವೂ ನಡೆಯುತ್ತದೆ. ಬೇರೆ ಉಪಾಯ ಹುಡುಕಿದೆ: ಪ್ರಿಂಟರನ್ನು ನೆಟ್‌ವರ್ಕ್ ಪ್ರಿಂಟರ್ ಅಂತ ಸೇರಿಸದೆ, ಲೋಕಲ್ ಪ್ರಿಂಟರ್ ಅಂತಲೇ ಸೇರಿಸಿ, 'ಲೋಕಲ್ ಪೋರ್ಟ್' ಅನ್ನುವಲ್ಲಿ ಎರಡು ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ ಮಾವನ ಕಂಪ್ಯೂಟರಿನ ಹೆಸರು, ಇನ್ನೊಂದು ಹಿಂಗೆರೆ, ಪ್ರಿಂಟರಿನ ಶೇರ್ ಹೆಸರು ಬರೆಯುವುದು. ಡ್ರೈವರನ್ನು, ಅಂದರೆ ಪ್ರಿಂಟರಿಗೆ ತಿಳಿಯುವ ಹಾಗೆ ಪುಟ ತಯಾರಿಸುವ ತಂತ್ರಾಂಶವನ್ನು, ನನ್ನ ಲ್ಯಾಪ್‌ಟಾಪಿಗೇ ಹಾಕಿಕೊಳ್ಳುವುದು. ಹೀಗೆ ಮಾಡಿದರೆ ಸ್ಪೂಲರ್ ಸ್ಪೂಲರಿನ ನಡುವಿನ ಆ ಮಾತುಕತೆಯೇ ಬೇಕಿಲ್ಲ. ತಯಾರಾದ ಪುಟವನ್ನು ಸೀದಾ ಆ ಪ್ರಿಂಟರಿನ ಬಾಯಿಗೆ ತಂದು ಸುರಿದ ಹಾಗೆ. ಬಂತು ಪ್ರಿಂಟ್!

ಬಂದದ್ದು ಯಾವಾಗ ಅಂತ ಕೇಳಿ. ಒಂದು ಗುರುವಾರ ರಾತ್ರಿ 10:30ಕ್ಕೆ ಪ್ರಿಂಟ್ ಕೊಟ್ಟೆ. ಮಾವನ ಕಂಪ್ಯೂಟರ್ ಆರಿತ್ತು, ಮರೆತಿದ್ದೆ. ಬರಲಿಲ್ಲ ಅಂತ ಇನ್ನೊಂದು ಸಲ ಕೊಟ್ಟೆ. ಮತ್ತೊಂದು ಸಲ. ಆಮೇಲೆ ನೆನಪಾಗಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆಯುವುದಕ್ಕೂ, ಕೆಳಗೆ ಮಾವ ಕಂಪ್ಯೂಟರ್ ಹಾಕಿ ದೇವರ ಮನೆಗೆ ಹೋಗುವುದಕ್ಕೂ ಸರಿಹೋಯಿತು. ರಾತ್ರಿಯಿಡೀ ನನ್ನ ಲ್ಯಾಪ್‌ಟಾಪಿನ ಸರದಿಯಲ್ಲಿ ಕಾದಿದ್ದವು ಒಂದೇ ಸಲ ಹೊರಟವು. ಮೂರು ಸಲ 18 ಕಾಪಿ, ತಲಾ ಎರಡು ಪುಟ. 108 ಹಾಳೆ. ಮಾವ ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದರೆ ಕೋಣೆಯ ತುಂಬ ಥೇಲ್ಸನ ಪ್ರಮೇಯ. ಪ್ರಿಂಟರಿಗೆ ಹಾಳೆ ಮುಗಿದು ಕೆಂಪು ದೀಪ ಮಿನುಗುತ್ತಿತ್ತಂತೆ. ಅವರು ಪಾಪ, ಹೊಸ ಕಟ್ಟು ಒಡೆದು ಇನ್ನಷ್ಟು ಹಾಳೆ ಹಾಕಿದ್ದಾರೆ. 'ಮಗು, ಯಾವ ಊರಿಗೆ ಪರೀಕ್ಷೆ ಇದು?' ಅಂತ ಕೇಳಿದರು. ಆ ಹಾಳೆಗಳ ಹಿಂಬದಿಯಲ್ಲಿ ಮಕ್ಕಳು ಇವತ್ತಿಗೂ ರಫ್ ಲೆಕ್ಕ ಮಾಡುತ್ತಿದ್ದಾರೆ.

ಪ್ರಿಂಟ್ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಬೇಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ನಾನೇ ಕೇಳಿಲ್ಲ.

ಆ ಭಾನುವಾರ ಅಣ್ಣನ ಮಗ ಬಂದಾಗ ಎಲ್ಲ ಹೇಳಿದೆ. ಅವನು ನಗುವುದು ನಿಲ್ಲಿಸಿ, 'ಒಡೆದ ಲ್ಯಾಪ್‌ಟಾಪ್ ಎಲ್ಲಿದೆ ಅತ್ತೆ?' ಅಂದ. ಅಟ್ಟದ ಮೇಲಿತ್ತು. ಅದಕ್ಕೆ ಟಿವಿಯನ್ನು ಪರದೆಯಾಗಿ ಸಿಕ್ಕಿಸಿ, ವಿಂಡೋಸ್ ಬದಲು ಲಿನಕ್ಸ್ ಹಾಕಿದ. ಲಿನಕ್ಸಿನಲ್ಲಿ ಪ್ರಿಂಟಿನ ಕೆಲಸ ನೋಡಿಕೊಳ್ಳುವುದು ಕಪ್ಸ್ ಅನ್ನುವ ತಂತ್ರಾಂಶ. ಮೈಕೆಲ್ ಸ್ವೀಟ್ ಅನ್ನುವವರು 1997ರಲ್ಲಿ ಬರೆಯಲು ಶುರು ಮಾಡಿ 1999ರಲ್ಲಿ ಬಿಟ್ಟದ್ದಂತೆ. 2007ರಲ್ಲಿ ಆಪಲ್ ಅದನ್ನು ಕೊಂಡುಕೊಂಡಿತು, ಮ್ಯಾಕಿನೊಳಗೂ ಅದೇ ಇದೆ ಅಂದ. ನನಗೆ ಹಿಡಿಸಿದ್ದು ಅದರ ಸರಳತನ. ಬ್ರೌಸರಿನಲ್ಲಿ ಆ ಲ್ಯಾಪ್‌ಟಾಪಿನ ನಂಬರ್ ಬರೆದು ಮುಂದೆ 631 ಅಂತ ಹಾಕಿದರೆ ಒಂದು ಪುಟ ತೆರೆಯುತ್ತದೆ. ಪ್ರಿಂಟರ್ ಸೇರಿಸುವುದು, ಸಿಕ್ಕಿಕೊಂಡದ್ದನ್ನು ರದ್ದು ಮಾಡುವುದು, ಟೆಸ್ಟ್ ಪುಟ ತೆಗೆಯುವುದು, ಎಲ್ಲ ಅಲ್ಲೇ. 'ಶೇರ್ ಪ್ರಿಂಟರ್ಸ್' ಅನ್ನುವ ಸಾಲಿಗೊಂದು ಟಿಕ್. ಮುಗಿಯಿತು.

ನಮ್ಮ ಪ್ರಿಂಟರಿಗೆ ಒಂದು ವಿಚಿತ್ರ ಗುಣ ಇದೆ ಅಂತ ಗೊತ್ತಾದದ್ದು ಆಗ. ಅದಕ್ಕೆ ಸ್ವಂತ ನೆನಪಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳಗಿನ ತಂತ್ರಾಂಶ) ಕಳಿಸಿ, 'ನೀನು ಪ್ರಿಂಟರು ಕಣಪ್ಪ' ಅಂತ ನೆನಪಿಸಬೇಕು. ವಿಂಡೋಸಿನ ಡ್ರೈವರ್ ಇದನ್ನು ಸದ್ದಿಲ್ಲದೆ ಮಾಡುತ್ತಿತ್ತು. ಲಿನಕ್ಸಿನಲ್ಲಿ ಆ ಫರ್ಮ್‌ವೇರ್ ಕಡತವನ್ನು ಒಂದು ಸಲ ಬೇರೆಯಾಗಿ ತಂದು ಕೊಡಬೇಕಾಯಿತು. ಅದನ್ನು ಕೊಡುವವರೆಗೆ ಹಸಿರು ದೀಪ ಉರಿಯುತ್ತದೆ, ಪ್ರಿಂಟ್ ಮಾತ್ರ ಇಲ್ಲ. ಅರ್ಧ ದಿನ ನುಂಗಿತು. ಬೇಸರಕ್ಕೆ ಇಬ್ಬರೂ ಸ್ಕೂಟರ್ ಹತ್ತಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು. ಬಂದಮೇಲೆ ಸರಿಹೋಯಿತು. ಇಡ್ಲಿಯಿಂದ ಅಂತ ಅವನು, ಕಡತದ ಹೆಸರು ಸರಿಯಾಗಿ ಬರೆದದ್ದರಿಂದ ಅಂತ ನಾನು.

ಪ್ರಿಂಟರ್, ಒಡೆದ ಲ್ಯಾಪ್‌ಟಾಪ್ ಎರಡೂ ಈಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿವೆ. ಕೆಳಗಿನ ಡಬ್ಬಿಯ ಸೆಟ್ಟಿಂಗಿನಲ್ಲಿ ಆ ಲ್ಯಾಪ್‌ಟಾಪಿಗೆ 192.168.1.50 ಅನ್ನುವ ನಂಬರನ್ನು ಖಾಯಂ ಮಾಡಿದ್ದೇವೆ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ನಂಬರ್ ಬದಲಾಗಿ ಮತ್ತೆ ಹುಡುಕಾಟ. ಮಾವ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ: 'ಪ್ರಿಂಟರ್. ಸ. ನಂ. 50. ಗ್ರಾಮ 1. ಜಂಟಿ ಖಾತೆ.' ಅಲ್ಲಿಯವರೆಗೆ ಅದು ಮಾವನ ಪ್ರಿಂಟರ್ ಆಗಿತ್ತು, ನಾನು ಕೇಳಿ ಪಡೆಯುತ್ತಿದ್ದೆ. ಈಗ ಯಾರ ಕಂಪ್ಯೂಟರಿಗೂ ಸೇರಿಲ್ಲ. ಅವರು 9ಕ್ಕೆ ಪ್ಲಗ್ ಕಿತ್ತರೂ ನನ್ನ ಕೆಲಸ ನಡೆಯುತ್ತದೆ. ಗೂಡಿನ ಪ್ಲಗ್ ಕೀಳಬಾರದು ಅಂತ ಮಾತಾಗಿದೆ, ಗುಡುಗು ಬಂದರೆ ಮಾತ್ರ ಮಾವನ ಮಾತೇ ಕೊನೆ.

ವಿಂಡೋಸ್ ಕಂಪ್ಯೂಟರುಗಳಿಗೆ ಸೇರಿಸುವಾಗ ಹುಡುಕಾಟಕ್ಕೆ ಬಿಡದೆ ಸೀದಾ ವಿಳಾಸ ಬರೆದೆವು, ನಂಬರ್, 631, ಪ್ರಿಂಟರಿನ ಹೆಸರು. ಡ್ರೈವರ್ ಕೇಳಿದಾಗ ಸಾಮಾನ್ಯ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಕೊಟ್ಟರೆ ಸಾಕು, ಉಳಿದ ತರ್ಜುಮೆ ಕಪ್ಸ್ ಮಾಡಿಕೊಳ್ಳುತ್ತದೆ. ಮಾವನ ವಿಂಡೋಸ್ 7 ಕೂಡ ಹೀಗೇ ಸೇರಿತು. ಅದನ್ನು ಇಂಟರ್‌ನೆಟ್ಟಿಗೆ ಬಿಟ್ಟಿರುವುದು ತಪ್ಪು ಅಂತ ಹುಡುಗ ಬಂದಾಗಲೆಲ್ಲ ಹೇಳುತ್ತಾನೆ, ನಿಜವೂ ಹೌದು. ಆದರೆ ಅದರಲ್ಲಿ ಮಾವ ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶ ಇದೆ, 15 ವರ್ಷದ ಅರ್ಜಿಗಳಿವೆ.

ಆ ನುಡಿಯದ್ದೂ ಒಂದು ಪಾಠ ಆಯಿತು. ಮಾವ ಬರೆಯುವುದು ಹಳೆ ನುಡಿ ಅಕ್ಷರದಲ್ಲಿ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಪ್ರಿಂಟರ್ ಹಂಚಿಕೊಂಡರೆ ಅಕ್ಷರವೂ ಹಂಚಿಕೆ ಆದಂತೆ ಅಂತ ನಾನು ತಿಳಿದಿದ್ದೆ. ಅವರ ಕಡತವನ್ನು ನನ್ನ ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಟ್ಟರೆ ತಹಶೀಲ್ದಾರರಿಗೆ ಬರೆದ ಅರ್ಜಿ ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಬಾಲ ಇಟ್ಟ ಹಾಗೆ ಹೊರಗೆ ಬಂತು. ಅಕ್ಷರದ ರೂಪ ತಯಾರಾಗುವುದು ಪ್ರಿಂಟರಿನಲ್ಲಲ್ಲ, ಕಳಿಸುವ ಕಂಪ್ಯೂಟರಿನಲ್ಲಿ. ಆ ಫಾಂಟ್ ನನ್ನಲ್ಲಿರಲಿಲ್ಲ. ಈಗ ಮಾವ ಏನು ಬರೆದರೂ ಪಿಡಿಎಫ್ ಮಾಡಿಡುತ್ತಾರೆ, ಫಾಂಟ್ ಅದರೊಳಗೇ ಕೂತು ಬರುತ್ತದೆ.

ತೊಂದರೆ ಪೂರ್ತಿ ಮುಗಿದಿಲ್ಲ. ಮೊದಲ ವಾರ ಧೂಳು ಒರೆಸುವಾಗ ಒಡೆದ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ, ಅದು ನಿದ್ದೆ ಹೋಯಿತು, ಮನೆಯವರೆಲ್ಲ ಮತ್ತೆ ಪ್ರಿಂಟ್ ಇಲ್ಲ ಅಂತ ಕೂಗಿದರು. ಮುಚ್ಚಳ ಮುಚ್ಚಿದರೂ ಎಚ್ಚರ ಇರು ಅಂತ ಸೆಟ್ಟಿಂಗ್ ಮಾಡಿದಮೇಲೆ ಸರಿಹೋಯಿತು. ಇನ್ನೊಂದು ದಿನ ಪ್ರಿಂಟರನ್ನು ಯುಪಿಎಸ್‌ಗೆ ಹಾಕಿದೆ. ಪ್ರಿಂಟ್ ಕೊಟ್ಟ ತಕ್ಷಣ ಯುಪಿಎಸ್ ಕೀಂ ಅಂತ ಕಿರುಚಿತು. ಲೇಸರ್ ಪ್ರಿಂಟರಿನೊಳಗೆ ಪುಡಿಯನ್ನು ಹಾಳೆಗೆ ಅಂಟಿಸಲು ಇಸ್ತ್ರಿಪೆಟ್ಟಿಗೆಯಂತೆ ಕಾಯುವ ಉರುಳೆ ಇರುತ್ತದೆ, ಅದು ಎಳೆಯುವ ಕರೆಂಟನ್ನು ಚಿಕ್ಕ ಯುಪಿಎಸ್ ತಾಳುವುದಿಲ್ಲ. ಸೀದಾ ಗೋಡೆಗೇ ಹಾಕಿ.

ಇಷ್ಟೆಲ್ಲ ಯಾಕೆ, ವೈಫೈ ಇರುವ ಹೊಸ ಪ್ರಿಂಟರ್ ತರಬಹುದಿತ್ತಲ್ಲ ಅಂತ ನಮ್ಮನೆಯವರು ಕೇಳಿದರು. ತರಬಹುದು. ಮನೆಯಲ್ಲಿ ಒಡೆದ ಲ್ಯಾಪ್‌ಟಾಪ್, ಭಾನುವಾರ ಬರುವ ಹುಡುಗ ಇಬ್ಬರೂ ಇಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಎರಡು ರೂಟರಿನ ಗಂಟು ಬಿಚ್ಚದೆ ತಂದಿದ್ದರೆ ಆ ಹೊಸ ಪ್ರಿಂಟರೂ ಒಂಬತ್ತನೇ ಮೆಟ್ಟಿಲಲ್ಲೇ ಸಿಗುತ್ತಿತ್ತು.

ಮಾವ ಈಗ ಫೋನಿನಿಂದಲೇ ಪ್ರಿಂಟ್ ಕೊಡುತ್ತಾರೆ. ಆಂಡ್ರಾಯ್ಡ್ 8ರಿಂದ ಈಚೆಗೆ ಫೋನಿನೊಳಗೇ ಪ್ರಿಂಟಿನ ಏರ್ಪಾಡು ಇರುತ್ತದೆ, ಮನೆಯ ವೈಫೈಯಲ್ಲಿದ್ದರೆ ಕಪ್ಸ್ ತಾನಾಗಿ ಕಾಣಿಸುತ್ತದೆ. ಮೊನ್ನೆ ಊರಿಗೆ ಹೋಗಿದ್ದವರು ಗುಬ್ಬಿ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿದರು.

'ಒಂದು ಪಹಣಿ ಪ್ರಿಂಟ್ ಕೊಟ್ಟಿದ್ದೀನಿ. ಬಂತೇನಮ್ಮಾ?'

'ಬಂದಿಲ್ಲ ಮಾವ. ಮನೆ ವೈಫೈ ಇದ್ರೆ ಮಾತ್ರ ಬರೋದು.'

ಆ ಕಡೆ ಸ್ವಲ್ಪ ಹೊತ್ತು ಬಸ್ಸಿನ ಹಾರ್ನ್ ಮಾತ್ರ. 'ಓಹೋ. ಗ್ರಾಮ ಬೇರೆ ಆಯ್ತಲ್ವಾ' ಅಂದರು.

ಸಂಜೆ ಟ್ಯೂಷನ್ ನಡೆಯುತ್ತಿತ್ತು. ಕೆಳಗೆ ಗೇಟಿನ ಸದ್ದಾಯಿತು. ಅವರು ಚಪ್ಪಲಿ ಬಿಟ್ಟು ಕಾಲು ತೊಳೆಯುತ್ತಿದ್ದರು, ನಲ್ಲಿಯ ನೀರು ಬೀಳುವುದು ಮೇಲಿನವರೆಗೆ ಕೇಳುತ್ತಿತ್ತು. ಅಷ್ಟರಲ್ಲೇ ಮೆಟ್ಟಿಲ ಕೆಳಗೆ ಪ್ರಿಂಟರ್ ಗರ್ರ್ ಅಂತ ಎದ್ದಿತು.